ಹತ್ತಿಗೆ ತಾಗಿದ ಎಂಜಲು

ಹಲ್ಲಿನ ಆಸ್ಪತ್ರೆ, ಉಪಕರಣ ತೊಳೆಯುವ ಕೋಣೆ
ಜೂನ್ ೧೧, ಮಂಗಳವಾರ

ಪ್ರೀತಿಯ ದೊಡ್ಡಮ್ಮಾ,

ಎರಡು ತಿಂಗಳಿಂದ ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೇನೆ. ನಿನ್ನ ದವಡೆ ಹಲ್ಲಿನ ನರ ತೆಗೆದದ್ದು ನನ್ನ ತಪ್ಪಿನಿಂದ ಇರಬಹುದು. ಹೊಲಿಗೆ ಯಂತ್ರ ತುಳಿದು ಮೊಣಕಾಲು ಇನ್ನೂ ನೋಯುತ್ತಿದೆಯೇ ಎಂದು ಮೊದಲು ಕೇಳಬೇಕಿತ್ತು. ಕೇಳಿದರೆ ಅದರಲ್ಲೇ ಹಾಳೆ ತುಂಬಿಸಿ ಜಾರಿಕೊಳ್ಳುತ್ತೇನೆ ಎಂದು ಭಯವಾಯಿತು. ಫೋನಿನಲ್ಲೂ ಹಾಗೇ ಆಗುತ್ತಿದೆ. ನೀನು "ಕಾಲಿಗೆ ಚಕ್ರ ಕಟ್ಕೊಂಡೋನೇ, ಊಟ ಆಯ್ತೇನೋ" ಅನ್ನುತ್ತೀಯ, ನಾನು ಊಟದ ಮಾತನ್ನೇ ಆಡಿ ಫೋನ್ ಇಟ್ಟುಬಿಡುತ್ತೇನೆ.

ಡಾಕ್ಟರಮ್ಮನ ಕೈಕೆಳಗೆ ನಾನು ಸಹಾಯಕನಾಗಿದ್ದ ಇಲ್ಲಿನ ಪ್ರಯೋಗಕ್ಕೆ ನಿನ್ನನ್ನು ಒತ್ತಾಯಿಸಿ ಕರೆಸಿದವನು ನಾನೇ. ಹುಳುಕು ಕೊರೆದು ತೆಗೆದಾಗ ಹಲ್ಲಿನೊಳಗಿಂದ ಬರುವ ರಕ್ತದ ಹನಿಯನ್ನು ಹತ್ತಿಗೆ ಹೀರಿಸಿ ಪರೀಕ್ಷಿಸುತ್ತಾರೆ. ಒಳಗೆ ಉರಿಯೂತ ಜಾಸ್ತಿಯಾಗಿದ್ದರೆ ರಕ್ತದಲ್ಲಿ ಒಂದು ಅಂಶ ಏರಿರುತ್ತದೆ, ಆಗ ನರ ತೆಗೆಯಬೇಕು. ಕಡಿಮೆಯಿದ್ದರೆ ಮದ್ದು ಮುಚ್ಚಿ ನರ ಉಳಿಸಬಹುದು. ಅದೇ ಅಂಶ ಎಂಜಲಿನಲ್ಲೂ ಇರುವುದರಿಂದ ಹತ್ತಿಗೆ ಎಂಜಲು ಸೋಕಕೂಡದು. ಅವತ್ತು ನೀನು "ದಾರ ಕಚ್ಚೋ ಹಲ್ಲು ಕಣಮ್ಮಾ, ಹುಷಾರು" ಎಂದು ಡಾಕ್ಟರಮ್ಮನನ್ನು ನಗಿಸಿದ್ದೆ. ಅವರು ರಕ್ತ ಹೀರಿಸಿ ಚಿಮಟದಲ್ಲಿ ಕೊಟ್ಟ ಹತ್ತಿ ನನ್ನ ಕೈಯಲ್ಲಿ ಜಾರಿ ನಿನ್ನ ಕೆಳತುಟಿಗೆ ತಾಗಿತು. ಯಾರೂ ನೋಡಲಿಲ್ಲ. ಇಷ್ಟರಿಂದ ಏನಾಗುತ್ತದೆ ಎಂದುಕೊಂಡು ಕಾಗದದಲ್ಲಿ 'ಶುದ್ಧ' ಎಂದು ಗುರುತು ಹಾಕಿದೆ. ಪರೀಕ್ಷೆಯಲ್ಲಿ ಆ ಅಂಶ ಏರಿದೆ ಎಂದು ಬಂತು, ನಿನ್ನ ನರ ತೆಗೆದರು. ಶಾಲೆ ಬಿಟ್ಟವನಿಗೆ ಕೈಕೆಲಸವೂ ಬಾರದು ಅನ್ನಿಸಿಕೊಳ್ಳಲು ನಾಚಿಕೆಯಾಗಿತ್ತು.

ನಿನ್ನೆ ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದೆ. ಅವರು ನಿನ್ನ ಕಾಗದ ತೆಗೆದು ನೋಡಿ, "ಆ ಹಲ್ಲು ಹೇಗೂ ಕೆಟ್ಟಿರಬಹುದು ಬಿಡೋ" ಅಂದರು. ಕೆಟ್ಟಿರಬಹುದು, ಕೆಡದೆಯೂ ಇರಬಹುದು. ಇನ್ನು ಯಾರಿಂದಲೂ ಹೇಳಲಾಗದು. ಆ ಸಮಾಧಾನ ನನಗೆ ಬೇಡ ಅಂದೆ. ನಿನ್ನ ಪರೀಕ್ಷೆಯನ್ನು ಪ್ರಯೋಗದಿಂದ ಹೊಡೆದು ಹಾಕಿದರು. ನನ್ನನ್ನು ಉಪಕರಣ ತೊಳೆಯಲು ಹಾಕಿದ್ದಾರೆ. ಹಿಂದಿನ ಮೂರು ಕೆಲಸ ಬಿಟ್ಟು ಓಡಿದಂತೆ ಇದನ್ನು ಬಿಟ್ಟು ಓಡುವುದಿಲ್ಲ. ತೊಳೆಯುತ್ತೇನೆ.

ದೊಡ್ಡಪ್ಪನಿಗೆ ನಮಸ್ಕಾರ ತಿಳಿಸು. ಬೈಗುಳವನ್ನು ಕೂಡಿಟ್ಟುಕೊಂಡಿರು, ಎದುರಿಗೆ ನಿಂತೇ ಕೇಳುತ್ತೇನೆ.

ನಿನ್ನ ತಂಗಿಯ ಮಗ

ಮರೆತ ಮಾತು: ಪಾರ್ಸೆಲ್ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಇವತ್ತು ಸಂಜೆಯೇ ಈ ಪತ್ರ ನಿನಗೆ ಕೊಡುತ್ತಾನಂತೆ. ಗುರುವಾರ ಪಕ್ಕದ ಹಲ್ಲಿನ ನರವನ್ನೂ ತೆಗೆಸಬೇಕೆಂದು ನಿಮ್ಮೂರಿನ ಡಾಕ್ಟರು ಹೇಳಿದ್ದು ನಮ್ಮ ವರದಿ ನೋಡಿ, ಉರಿಯೂತ ಅದಕ್ಕೂ ಹರಡಿರಬೇಕು ಎಂದುಕೊಂಡೇ. ಆ ವರದಿ ನಂಬುವಂಥದ್ದಲ್ಲ. ತೆಗೆಸಬೇಡ. ನಮ್ಮ ಡಾಕ್ಟರಮ್ಮ ಆ ಹಲ್ಲನ್ನು ಹೊಸದಾಗಿ ಪರೀಕ್ಷಿಸುತ್ತಾರೆ, ಹತ್ತಿ ಹಿಡಿಯುವವರು ಬೇರೆ. ನಿನ್ನನ್ನು ಕರೆತರಲು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.