ಐದು ಗಂಟೆಯ ಉದ್ದ ಹೊಲಿಗೆ

ಮಾರ್ಚ್ 3, ಸೋಮವಾರ

ಇವತ್ತು ಒಂಬತ್ತು ಕಿವಿ. ಐದು ಜನ, ಅದರಲ್ಲಿ ಒಬ್ಬರಿಗೆ ಒಂದು ಕಡೆ ಮಾತ್ರ. ಒಬ್ಬ ಅಜ್ಜಿ ಹಿಯರಿಂಗ್ ಏಡ್ ಹಾಕಿಸಿಕೊಂಡ ಕೂಡಲೇ ಸೊಸೆಯ ಕಡೆ ತಿರುಗಿ, “ಅಯ್ಯೋ, ಇಷ್ಟು ಜೋರಾಗಿ ಮಾತಾಡ್ತೀಯಾ ನೀನು?” ಎಂದರು. ಪಾಪ, ಆಕೆ ಹನ್ನೆರಡು ವರ್ಷದಿಂದ ಕಿರುಚಿ ಕಿರುಚಿ ಗಂಟಲು ಹರಿದುಕೊಂಡವಳು. ನಗು ತಡೆಯಲಾರದೆ ಡ್ರಾಯರ್‌ನಲ್ಲಿ ಬ್ಯಾಟರಿ ಹುಡುಕುವಂತೆ ನಟಿಸಿದೆ.

ಮನೆಗೆ ಬಂದರೆ ಅಪ್ಪ. ಬೆಲ್ ಒತ್ತಿದೆ, ಬಾಗಿಲು ಬಡಿದೆ... ಕೊನೆಗೆ ಕಿಟಕಿಯಲ್ಲಿ ಕೈ ಆಡಿಸಿದ ಮೇಲೆ ಚಿಲಕ ತೆಗೆದರು. ಊರವರ ಕಿವಿಗೆಲ್ಲ ನಾನು ಬೇಕು, ಮನೆಯ ಎರಡು ಕಿವಿಗೆ ಬೇಡ. ದೀಪದ ಬುಡದಲ್ಲಿ ಕತ್ತಲೆ. ಹೇಳಿದರೆ, “ಕೇಳ್ಸದಿದ್ರೆ ಅರ್ಧ ಜಗಳ ಕಮ್ಮಿ ಕಣಮ್ಮ” ಎನ್ನುತ್ತಾರೆ. ಮೊದಮೊದಲು ಜಾಣಕಿವುಡು ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ.

ಮಾರ್ಚ್ 6

ಇವತ್ತಿನದು ತಮಾಷೆಯಲ್ಲ. ಸ್ಕೂಲ್ ಮೇಷ್ಟ್ರು ಅಪ್ಪ ಹೊಲಿದ ಹೊಸ ಶರಟು ಹಾಕಿ ನೋಡಲು ಬಂದಿದ್ದರು. ಎಡಗೈ ತೂರಿಸಿದರು — ತೋಳು ಹೆಗಲಿನಿಂದ ಬಿಚ್ಚಿಕೊಂಡು ಜೋತುಬಿತ್ತು. ಮೇಲಿನ ದಾರ ಇದೆ, ಕೆಳಗಿನದು ಅರ್ಧಕ್ಕೇ ನಿಂತಿದೆ. ನಡುವೆ ಕೆಳದಾರದ ಬಾಬಿನ್ ಖಾಲಿಯಾದದ್ದು ಗೊತ್ತಾಗದೆ ಅಪ್ಪ ಹೊಲಿಯುತ್ತಲೇ ಹೋಗಿದ್ದಾರೆ.

ಬಾಬಿನ್ ಮುಗಿದರೆ ಮಿಷಿನ್‌ನ ಸದ್ದು ತೆಳ್ಳಗಾಗುತ್ತದೆ. ನಮಗಲ್ಲ, ಟೈಲರ್ ಕಿವಿಗೆ. ಅದನ್ನು ಅಪ್ಪ ಮಾತಿನ ಮಧ್ಯೆಯೂ ಹಿಡಿಯುತ್ತಿದ್ದರು. ಐವತ್ತು ವರ್ಷದಲ್ಲಿ ಒಂದು ತೋಳೂ ಬಿಚ್ಚಿದ್ದಿಲ್ಲ.

ಮೇಷ್ಟ್ರು ಒಳ್ಳೆಯವರು. “ಬಿಡಿ, ಸೆಕೆಗೆ ಗಾಳಿ ಆಡ್ಲಿ ಅಂತ ಬಿಟ್ಟಿದ್ದೀರಿ” ಎಂದು ನಕ್ಕರು. ಅಪ್ಪ ನಗಲಿಲ್ಲ. ಅವರು ಹೋದ ಮೇಲೆ ಮಿಷಿನ್‌ಗೆ ಹಳೆಯ ಬೆಡ್‌ಶೀಟ್ ಹೊದಿಸಿದರು.

“ಇನ್ನು ಸಾಕು.”

ಅಷ್ಟೇ.

ಮಾರ್ಚ್ 8

ಬೆಡ್‌ಶೀಟ್ ಹಾಗೇ ಇದೆ. ಅಪ್ಪ ಪೇಪರ್ ಓದುತ್ತಾರೆ, ಮಡಚುತ್ತಾರೆ, ಅದನ್ನೇ ಮತ್ತೆ ಬಿಚ್ಚುತ್ತಾರೆ. ಮಿಷಿನ್ ಸದ್ದಿಲ್ಲದ ಮನೆ ನನಗೆ ಗೊತ್ತೇ ಇಲ್ಲ. ಭಯವಾಗುತ್ತಿದೆ. ಅವರು ಮತ್ತೆ ಅದರ ಮುಂದೆ ಕೂರಬೇಕು — ನನಗೆ ಬೇರೇನೂ ಬೇಡ. ಏಡ್ ಹಾಕಿಕೊಳ್ಳಿ ಎಂದು ಇವತ್ತೂ ಹೇಳಿ ನೋಡಿದೆ. ಕೋಣನ ಮುಂದೆ ಕಿನ್ನರಿ. (ಅಪ್ಪನನ್ನು ಕೋಣ ಅಂದುಬಿಟ್ಟೆ. ಡೈರಿ ತಾನೇ, ಇರಲಿ.)

ಮಾರ್ಚ್ 9, ಭಾನುವಾರ

ಪಕ್ಕದ ಬೀದಿಯಿಂದ ಅಣ್ಣ ಓಡಿಬಂದ. ಐವತ್ತರ ಹತ್ತಿರದ ಗಂಡಸು, ಚಪ್ಪಲಿ ಅದಲುಬದಲು. “ಸಿಕ್ತು ಕಣೇ! ನೆಟ್ಟಲ್ಲಿ ಕರಡಿ ಸಿಕ್ತು!”

ನಮ್ಮ ಚಿಕ್ಕಂದಿನ ಕಾರ್ಟೂನ್ ಕರಡಿ! ಪೋಸ್ಟ್‌ಮನ್ ಕರಡಿ, ಅವನ ಕಾಗದಗಳನ್ನೆಲ್ಲ ತಿನ್ನುವ ಮೇಕೆ. ಕಪ್ಪುಬಿಳುಪು, ಒಂದೂ ಮಾತಿಲ್ಲ. ಸಂಜೆ ಐದಕ್ಕೆ ಬರುತ್ತಿತ್ತು. ಟೀವಿ ಇದ್ದದ್ದು ಇದೇ ಮುಂದಿನ ಕೋಣೆಯಲ್ಲಿ, ಅಪ್ಪನ ಮಿಷಿನ್ ಪಕ್ಕ. ನಾನೂ ಅಣ್ಣನೂ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಗಳ ಮೇಲೆ. ಟೀವಿಯ ಸೌಂಡ್ ಕೆಟ್ಟಿತ್ತು. ರಿಪೇರಿಯವನು ಪಾರ್ಟ್ ಸಿಗಲ್ಲ ಅಂದಿದ್ದನಂತೆ. ಹಾಗಾಗಿ ಮ್ಯೂಸಿಕ್ ಅಪ್ಪನದು. ಮೇಕೆ ಓಡಿದರೆ ಮಿಷಿನ್ ಜೋರು ತುಳಿತ. ಕಳ್ಳಹೆಜ್ಜೆಗೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ಟಕ್... ಟಕ್. ಕರಡಿ ಬಿದ್ದರೆ ಮೇಜಿನ ಮೇಲೆ ಕತ್ತರಿ ಧಡ್. ಪರದೆ, ಬೆಡ್‌ಶೀಟು, ಉದ್ದ ಹೊಲಿಗೆಯ ಕೆಲಸಗಳನ್ನೆಲ್ಲ ಐದು ಗಂಟೆಗೆಂದೇ ಎತ್ತಿಡುತ್ತಿದ್ದರು. ಓಟದ ಸೀನ್‌ಗೆ ಬೇಕಲ್ಲ!

ಒಮ್ಮೆ ಎದುರುಮನೆಯಲ್ಲಿ ಅದನ್ನೇ ನೋಡಿ ನಾನು ಘನಗಂಭೀರವಾಗಿ ಹೇಳಿದ್ದೆ: “ಆಂಟಿ, ನಿಮ್ಮ ಟೀವಿ ಕೆಟ್ಟೋಗಿದೆ. ಮಿಷಿನ್ ಸದ್ದೇ ಬರ್ತಿಲ್ಲ.” ಅಣ್ಣ ಇವತ್ತಿಗೂ ಅದನ್ನು ಹೇಳಿ ಮಾನ ಕಳೆಯುತ್ತಾನೆ.

ದೊಡ್ಡ ಟೀವಿಗೆ ಹಾಕಿದೆವು. ಪಿಟೀಲು, ತುತ್ತೂರಿ, ಏನೇನೋ. ಚೆನ್ನಾಗಿಯೇ ಇತ್ತು, ಆದರೆ ನಮ್ಮದಲ್ಲ. ಅಣ್ಣ ಮುಖ ಸಿಂಡರಿಸಿದ: “ಥೂ, ಇದ್ಯಾರೋ ಬೇರೆಯವ್ರು ಬಾರಿಸ್ತಿದ್ದಾರೆ.”

ಅಪ್ಪ ಕುರ್ಚಿಯಲ್ಲೇ ಇದ್ದರು. ಮೇಕೆ ಓಡಿತು. ನೋಡುತ್ತೇನೆ — ಅಪ್ಪನ ಪಾದ ನೆಲ ತುಳಿಯುತ್ತಿದೆ! ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು.

“ಮಿಷಿನ್ ತೆಗೀಲಾ ಅಪ್ಪಾ?” ಕಿವಿಯ ಹತ್ತಿರ ಕೂಗಿ ಕೇಳಿದೆ.

ಪಾದ ನಿಂತಿತು. “ಕೇಳದೆ ಹೆಂಗಮ್ಮ ಬಾರಿಸ್ಲಿ?”

ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಒಂದು ಕಲಿತಿದ್ದೇನೆ — ಇಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಟೀ ಲೋಟ ತೆಗೆಯಲು ಬಗ್ಗಿದಾಗ ಅವರೇ ಅಂದರು, “ನಾಳೆ ಎಷ್ಟೊತ್ತಿಗೆ ತೆರೀತೀರಾ ನಿಮ್ಮ ಅಂಗಡಿ?”

ಮಾರ್ಚ್ 10

ಅಂಗಡಿಯಂತೆ. ಕ್ಲಿನಿಕ್ ಅದು.

ಟೆಸ್ಟ್ ಮಾಡಿದೆ. ತೆಳು ಸದ್ದುಗಳು ಪೂರ್ತಿ ಹೋಗಿವೆ. ಸೂಜಿಯ ಸದ್ದೆಲ್ಲ ಅಲ್ಲೇ ಇರುವುದು. ಮೊದಲೇ ಹಟ ಹಿಡಿದು ಕರೆತರಬೇಕಿತ್ತು ನಾನು.

ಕಿವಿಯ ಅಚ್ಚು ತೆಗೆಯಲು ಮೆತ್ತನೆಯ ಪೇಸ್ಟ್ ತುಂಬಿದೆ. ಅಪ್ಪ ಕನ್ನಡಿಯಲ್ಲಿ ನೋಡಿಕೊಂಡು, “ಅಳತೆ ಸರಿಯಾಗಿ ತಗೋ. ಆಮೇಲೆ ಬಿಗಿ ಅಂದ್ರೆ ಬಿಚ್ಚಿ ಹೊಲಿಯೋಕಾಗಲ್ಲ” ಎಂದರು. ಡಾಕ್ಟರ್ ಮೇಡಂ ಪಕ್ಕದ ರೂಮಿನಲ್ಲಿ ನಕ್ಕದ್ದು ಕೇಳಿಸಿತು. ಅಪ್ಪನಿಗೆ ಕೇಳಿಸಲಿಲ್ಲ.

ಮಾರ್ಚ್ 24

ಬಂತು. ಹಾಕಿದೆ. ಅಪ್ಪ ಮೊದಲು ಕೇಳಿದ್ದು ಕ್ಲಿನಿಕ್‌ನ ಫ್ಯಾನ್. “ಎಣ್ಣೆ ಬಿಡ್ಸಿ ಇದಕ್ಕೆ.” ಮನೆ ಸೇರುವವರೆಗೂ ದಾರಿಯ ತುಂಬ ಕಂಪ್ಲೇಂಟ್. ನನ್ನ ಚಪ್ಪಲಿ ಸದ್ದು ಮಾಡುತ್ತದಂತೆ.

ಮಾರ್ಚ್ 27

ಏಡ್ ಡಬ್ಬಿಯಲ್ಲಿದೆ. ಬೆಡ್‌ಶೀಟ್ ಮಿಷಿನ್ ಮೇಲಿದೆ. ಏನೂ ಬರೆಯಲು ಮನಸ್ಸಿಲ್ಲ.

ಮಾರ್ಚ್ 30, ಭಾನುವಾರ. ಬೆಳಿಗ್ಗೆ

ಎದ್ದು ಬಂದರೆ ಎಣ್ಣೆಯ ವಾಸನೆ. ಬೆಡ್‌ಶೀಟ್ ಮಡಚಿಟ್ಟಿದೆ! ಅಪ್ಪ ಕಿವಿಗೆ ಏಡ್ ಹಾಕಿಕೊಂಡು ಚಕ್ರ ತಿರುಗಿಸಿ ತಿರುಗಿಸಿ ಕೇಳುತ್ತಿದ್ದಾರೆ. ಸದ್ದಿಲ್ಲದೆ ಹಿಂದಕ್ಕೆ ಸರಿದು ಅಣ್ಣನಿಗೆ ಫೋನ್ ಮಾಡಿದೆ.

ಅದೇ ದಿನ, ಸಂಜೆ 4.30

ಅಬ್ಬಬ್ಬಾ, ಏನು ಮನುಷ್ಯ! ಮರೆಯುವ ಮೊದಲು ಬರೆದುಬಿಡಬೇಕು.

ಅಪ್ಪ ಮೇಷ್ಟ್ರ ಶರಟು ಹಿಡಿದು ಕೂತಿದ್ದರು. ಖುಷಿಗೆ ನಾವು ಕರಡಿಯನ್ನು ಹಾಕಿದೆವು, ತುತ್ತೂರಿ ಸಮೇತ. ಎರಡೇ ನಿಮಿಷ. ಅಪ್ಪ ತಲೆಯೆತ್ತದೆ ಗದರಿದರು, “ಅದರ ಬಾಯಿ ಮುಚ್ಚಿಸ್ರೋ. ಇದರಿಂದ್ಲೇ ಆವತ್ತೂ ಸೂಜಿ ಸದ್ದು ಕೇಳ್ತಿರ್ಲಿಲ್ಲ.”

ನಾನು ಅಣ್ಣನನ್ನು ನೋಡಿದೆ. ಅಣ್ಣ ನನ್ನನ್ನು ನೋಡಿದ.

“ಆವತ್ತು? ಆವತ್ತು ಟೀವಿಗೆ ಸೌಂಡ್ ಎಲ್ಲಿತ್ತಪ್ಪಾ?” ನಾನೇ ಕೇಳಿದೆ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಪ್ಪ ದಾರ ಪೋಣಿಸತೊಡಗಿದರು, ಪೋಣಿಸಿದ್ದ ಸೂಜಿಗೇ.

“ಅಪ್ಪಾ! ರಿಪೇರಿಯವನು...?”

“ಯಾವ ರಿಪೇರಿಯವ್ನು? ನಾನೇ ಟೀವಿ ಹಿಂದ್ಗಡೆ ಬಿಚ್ಚಿ ಸ್ಪೀಕರ್ ವೈರ್ ಕತ್ತರಿಸ್ದೆ.”

“ನಾವು ಕಾಗದ ಕತ್ತರಿಸಿದ್ದಕ್ಕೇ ಬೆನ್ನು ಮುರೀತಿದ್ರಿ, ಆ ಕತ್ತರೀಲಿ ವೈರ್ ಕತ್ತರಿಸಿದ್ರಾ?” — ಅಣ್ಣನಿಗೆ ಅದೇ ದೊಡ್ಡದು.

“ಬಟ್ಟೆ ಕತ್ತರೀಲಾ? ಬ್ಲೇಡಲ್ಲಿ ಕಣೋ!” ಅಪ್ಪನಿಗೆ ನಿಜಕ್ಕೂ ಅವಮಾನವಾದಂತಿತ್ತು. ಆಮೇಲೆ ಮೆತ್ತಗೆ, “ಕತ್ತರಿಸಿದ್ದೇನೋ ಆಯ್ತು. ಐದು ಗಂಟೆಗೆ ನೀವಿಬ್ರೂ ಗೋಳೋ ಅಂತ ಅತ್ರಿ. ನೋಡೋಕಾಗ್ಲಿಲ್ಲ... ಏನೋ ತುಳಿದೆ.”

ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಕಣ್ಣು ತುಂಬಿ, ಮೂಗು ಸೋರಿ, ಕೊನೆಗೆ ಮೇಷ್ಟ್ರ ಶರಟಿನಲ್ಲೇ ಒರೆಸಿಕೊಳ್ಳುವುದರಲ್ಲಿದ್ದೆ. ಒಂದು ತಪ್ಪು ಮುಚ್ಚಿಡಲು ವರ್ಷಗಟ್ಟಲೆ ದಿನವೂ ಐದಕ್ಕೆ ಸರಿಯಾಗಿ ತುಳಿದರಲ್ಲ ಈ ಅಪ್ಪ. ಇಂಥ ಅಪ್ಪ ಸಿಕ್ಕಿದ್ದು ನನ್ನ ಪುಣ್ಯ.

4.55

ಶರಟು ಮುಗಿಯಿತು. ಅಪ್ಪನೇ ತೋಳು ಜಗ್ಗಿ ಜಗ್ಗಿ ನೋಡಿದರು. ಜಗ್ಗಲಿಲ್ಲ. ಹ್ಯಾಂಗರ್‌ಗೆ ಹಾಕಿ, ನನ್ನ ಕಡೆ ನೋಡದೆ, “ಒಳಗೆ ಪರದೆ ಬಟ್ಟೆ ಇತ್ತಲ್ಲ, ತಾ. ಉದ್ದಂದೇ ತಾ” ಎಂದರು.

ಟೀವಿ ಮ್ಯೂಟ್ ಮಾಡಿದ್ದೇನೆ. ಇದನ್ನು ಮೇಜಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಮೊಣಕಾಲು ಸತ್ತೇಹೋಯಿತು. ಅಣ್ಣನ ಹೊಟ್ಟೆ ಹಿಡಿಸಲಿಲ್ಲ, ತಲೆ ಮಾತ್ರ ಒಳಗೆ. ಕರಡಿ ಚೀಲ ಹೊತ್ತು ಬರುತ್ತಿದೆ. ಚಕ್ರ ಕೈಯಲ್ಲೇ ಇನ್ನೂ. ಟಕ್... ಟಕ್...

“ಬರ್ದಿದ್ದು ಸಾಕಮ್ಮ, ಮೇಕೆ ಬಂತು!”

ಬಂತು, ಕಾಗದಕ್ಕೆ ಬಾಯಿ ಹಾಕಿತು, ಕರಡಿ ತಿರುಗಿತು, ಈಗ ಓಡ—