ಅಪ್ಪ ಸ್ಪ್ರಿಂಗ್ ಒತ್ತಲ್ಲ

೧೪ ಡಿಸೆಂಬರ್, ಶನಿವಾರ

ಕಣ್ಣು ಮುಚ್ಚಿದರೆ ಜೀಪಿನ ಹಿಂದಿನ ಗಾಜು, ಅದರಾಚೆ ವಾಲುತ್ತಿರುವ ನನ್ನ ಡರ್ಟ್ ಬೈಕು.

ಜೀಪಿನ ಹಿಂಭಾಗಕ್ಕೆ ಸಿಕ್ಕಿಸುವ ಆ ಕ್ಯಾರಿಯರನ್ನು ಅಪ್ಪನೇ ವೆಲ್ಡ್ ಮಾಡಿದ್ದು. ಕ್ಯಾರಿಯರ್ ಗಟ್ಟಿಯಾಗೇ ಇದೆ. ತಪ್ಪು ಬೈಕ್ ಕಟ್ಟುವುದರಲ್ಲಿ. ಬೈಕಿನ ಮುಂದಿನ ಚಕ್ರದ ಸ್ಪ್ರಿಂಗನ್ನು ಅರ್ಧ ಒತ್ತಿ ಬೆಲ್ಟ್ ಬಿಗಿಯಬೇಕು, ಇಲ್ಲದಿದ್ದರೆ ಹಂಪ್ ಸಿಕ್ಕಾಗ ಸಡಿಲವಾಗುತ್ತೆ ಅಂತ ಬೇಡಿಕೊಂಡೆ. ಅಪ್ಪ ಮೂವತ್ತೆರಡು ವರ್ಷ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದವರು. "ಕೆಲಸ ಇಲ್ಲದಾಗ ಸ್ಪ್ರಿಂಗ್ ಒತ್ತಿಡಬಾರದು ಕಣೇ, ಸತ್ತೋಗುತ್ತೆ" ಅಂದರು.

ಪ್ರಾಕ್ಟೀಸ್ ಮುಗಿಸಿ ಬರುವಾಗ ಕುಂದಲಹಳ್ಳಿ ಹಂಪಲ್ಲಿ ಬೆಲ್ಟಿನ ಒಂದು ಕೊಕ್ಕೆ ಕಳಚಿತು. "ಅಕ್ಕ, ಬೈಕ್ ಬೀಳ್ತೈತೆ!" ಅಂತ ಪಕ್ಕದ ಸ್ಕೂಟರಿನವನು ಕೂಗಿದ. ನಿಲ್ಲಿಸೋಣವೆಂದರೆ ಎಡಕ್ಕೆ ಬಸ್ಸು, ಹಿಂದೆ ಬರೀ ಹಾರನ್ನು. ಹ್ಯಾಂಡಲ್ ಗಾಜಿಗೆ ಬಡಿಯುವುದನ್ನು ಕೇಳುತ್ತಾ ಹಾಗೇ ಮುಂದೆ ಸಾಗಿದೆವು. ಸ್ಟೇರಿಂಗ್ ಹಿಡಿದ ಅಪ್ಪ ಒಂದೊಂದು ಬಡಿತಕ್ಕೂ ಕನ್ನಡಿ ನೋಡುತ್ತಿದ್ದರು. ಕೂಗಾಡಬೇಕೆಂದಿದ್ದ ನಾನು ಅದನ್ನು ನೋಡಿ, ಹಿಂದೆ ತಿರುಗಿ ಗಾಜಿನಾಚೆಯ ಬೈಕಿನ ಮೇಲೆ ಕಣ್ಣಿಟ್ಟೆ.

ಸದ್ಯ, ಬೈಕ್ ಬೀಳದೆ ಮನೆ ಸೇರಿತು. ನಾಳೆ ರೇಸು. ಈಗ ತಾನೇ ಅಪ್ಪ ನನ್ನ ರೂಮಿನ ಬಾಗಿಲಿಗೆ ಬಂದು ನಿಂತಿದ್ದರು.

"ಯಾಮಿನಿ, ಇನ್ನೆರಡು ಬೆಲ್ಟ್ ತಂದಿದ್ದೀನಿ. ಸ್ಪ್ರಿಂಗ್ ಮಾತ್ರ ಒತ್ತಲ್ಲ."

"ಆಯ್ತಪ್ಪ" ಅಂದೆ.