ನೇರಳೆ ಕೋಟಿನ ಒಳಮಗ್ಗುಲು

ಮನೆಯಿಂದ,
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ, ಇಲ್ಲ ಈಗಲೂ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದೀಯೋ? ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿನವಿಡೀ ನಿಂತು ಬಿಳಿ ಚಾದರ ಮಡಚಬೇಡ, ಒಂದು ಸ್ಟೂಲು ಕೇಳು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದಕ್ಕೆ ನಿನ್ನ ಉತ್ತರವಿಲ್ಲ. ಕೇಳಿಲ್ಲವೆಂದು ಅರ್ಥ ಮಾಡಿಕೊಂಡೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಇವರಿಗೆ ಮುದ್ರಣಾಲಯದಲ್ಲಿ ಈಗಲೂ ವಾರದಲ್ಲಿ ಕೆಲವೇ ದಿನ ಕೆಲಸ. ಬಿಡುವಿನ ದಿನ ಮನೆಯಲ್ಲಿ ಕೂತು, ಸೋಪಿನ ಪೊಟ್ಟಣದ ಮೇಲಿನ ಅಚ್ಚಿನ ತಪ್ಪುಗಳನ್ನು ನನಗೆ ಓದಿ ಹೇಳುತ್ತಾರೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಜಗಳ. ಕೂತುಕೊಂಡು ಓದು.

ಸೋದರತ್ತೆಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಬರುತ್ತೇನೆ, ಎಲ್ಲರೂ ಒಟ್ಟಿಗೆ ಫೋಟೋ ತೆಗೆಸಿಕೊಳ್ಳೋಣ ಎಂದು ಬರೆದಿದ್ದೀಯ. ಸಂತೋಷ. ಅದರ ಕೆಳಗೇ, ‘ಫೋಟೋಗೆ ನಾನು ಕಳಿಸಿದ ಕಿತ್ತಳೆ ಹೂವಿನ ಗೌನು ಹಾಕ್ಕೋ. ಮಂಕಾಗಿ ಬಂದು ಮೂಲೇಲಿ ನಿಂತ್ಕೋಬೇಡ’ ಎಂದು ಅಪ್ಪಣೆ ಕೊಡಿಸಿದ್ದೀಯ. ಹಾಕಿಕೊಳ್ಳುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ರೈಲಿಳಿದು ನಿಲ್ದಾಣದಲ್ಲೇ ಮುಖ ಊದಿಸಿಕೊಳ್ಳಬೇಡ. ಯಾಕೆ ಹಾಕಿಕೊಳ್ಳುವುದಿಲ್ಲ ಎನ್ನುವುದಕ್ಕೆ ಈ ಪತ್ರ.

ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಕನ್ನಡಕದಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರ ಮುಖ ನೋಡುವುದು. ಈ ಮೂಗಿಗೆ ಈ ಚೌಕಟ್ಟು ಭಾರ, ಈ ಕೆನ್ನೆಗೆ ಇಷ್ಟು ಅಗಲ ಬೇಡ ಎಂದು ಹೇಳುವುದು. ಮಗಳಿಗೆ ಇಷ್ಟ, ಗಂಡನಿಗೆ ಇಷ್ಟ ಎಂದುಕೊಂಡು ಬರುವ ಹೆಂಗಸರಿಗೆ, ‘ಹಾಕ್ಕೊಳ್ಳೋರು ನೀವು ತಾನೇ, ಕನ್ನಡಿ ನೋಡಿ ಹೇಳಿ’ ಎಂದು ಕನ್ನಡಿ ತಿರುಗಿಸಿ ಕೊಡುತ್ತೇನೆ. ಅದೇ ಕನ್ನಡಿಯಲ್ಲಿ ಅವರ ಭುಜದ ಹಿಂದೆ ನಾನೂ ಕಾಣುತ್ತೇನಲ್ಲ! ಉಬ್ಬಿದ ಹೆಗಲಿನ, ಎರಡು ಸಾಲು ಚಿನ್ನದ ಬಣ್ಣದ ಗುಂಡಿಯ ನೇರಳೆ ಕೋಟು. ನೀನು ಕಳಿಸಿದ್ದು. ಅಂಗಡಿಯ ಯಜಮಾನರು ಒಂದು ದಿನ ಗಿರಾಕಿಗಳೆದುರಿಗೇ, ‘ಏನಮ್ಮಾ, ಇವತ್ತು ಬ್ಯಾಂಡು ಎಲ್ಲಿ?’ ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿತ್ತು.

ಬೇರೆ ಕೊಳ್ಳಬಹುದಿತ್ತಲ್ಲ ಎನ್ನಬೇಡ. ಇವರ ಕೆಲಸ ಕಡಿಮೆಯಾದಾಗಿನಿಂದ ನಾನು ನನಗೆಂದು ಒಂದು ನೂಲೆಳೆಯನ್ನೂ ಕೊಂಡಿಲ್ಲ. ಅದನ್ನು ದುಃಖವೆಂದು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಚಳಿಗಾಲಕ್ಕೊಂದು, ಬೇಸಿಗೆಗೊಂದು ನಿನ್ನ ಪೆಟ್ಟಿಗೆ ಬರುತ್ತಿತ್ತು. ಪ್ರತಿ ಸಲವೂ ಒಂದು ಚೀಟಿ: ‘ನಾನು ಹಾಕಿ ಬಿಟ್ಟಿದ್ದು, ದಪ್ಪಗಾಗಿದೀನಿ, ಹೆಗಲಲ್ಲಿ ಹಿಡಿಯುತ್ತೆ. ಎಸೆಯೋಕೆ ಮನಸ್ಸಿಲ್ಲ.’ ಹಳೆಯದು ಎಂದ ಮೇಲೆ ಬಣ್ಣ ಹಿಡಿಸಲಿಲ್ಲ ಎನ್ನಲು ಬಾಯಿ ಬರುತ್ತದೆಯೇ? ತೊಟ್ಟೆ. ಜರಿಯ ಹೂವು, ನೆರಿಗೆಯ ಕತ್ತು, ಗಿಳಿಹಸಿರು, ಎಲ್ಲವನ್ನೂ ತೊಟ್ಟೆ. ಮನೆಯ ಕಪಾಟು ತೆರೆದರೆ ಅದು ನನ್ನದೆಂದು ಹೇಳುವ ಒಂದು ಬಟ್ಟೆಯೂ ಇರಲಿಲ್ಲ. ಮೊದಲ ಸಂಬಳದಲ್ಲಿ ನಾನೊಂದು ಕಡುನೀಲಿ ಅಂಗಿ ಹೊಲಿಸಿಕೊಂಡಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಕತ್ತಿನವರೆಗೆ ಗುಂಡಿ, ನೇರ ಇಳಿತ, ಒಂದು ಹೂವಿಲ್ಲ. ‘ಅಂಚೆಯಣ್ಣ ಬಂದ, ಕಾಗದ ಇದ್ಯಾ?’ ಎಂದು ನೀನು ಬಾಗಿಲಲ್ಲಿ ಕೈ ಚಾಚಿದ್ದೆ. ಆದರೂ ತೋಳು ಹರಿಯುವವರೆಗೆ ಅದನ್ನೇ ಹಾಕಿದ್ದೆ ನಾನು. ಅಂಥದ್ದೊಂದು ನನಗೆ ಇಷ್ಟವಿತ್ತು ಎನ್ನುವುದೇ ಈಚೆಗೆ ಮರೆತುಹೋಗಿತ್ತು.

ನೆನಪು ಮಾಡಿಕೊಟ್ಟವಳು ನಮ್ಮ ಸೋದರತ್ತೆ. ಬಸ್ಸಿಗೆ ನಿಂತಿದ್ದೆ. ಹಿಂದಿನಿಂದ ಬಂದು ತೋಳು ಹಿಡಿದು, ‘ಅಯ್ಯೋ ನವಿಲೂ, ಯಾವಾಗ ಬಂದ್ಯೇ? ಒಂದು ಮಾತು ಹೇಳಬಾರದಾ!’ ಎಂದಳು. ಅಪ್ಪ ಇಟ್ಟ ಹೆಸರುಗಳನ್ನು ಇನ್ನೂ ಬಿಡದೆ ಕರೆಯುವವಳು ಅವಳೊಬ್ಬಳೇ. ನೀನು ನವಿಲು, ನಾನು ಗುಬ್ಬಿ. ನಾನೇ ಅಳತೆ ತೆಗೆದು ಮಾಡಿಸಿಕೊಟ್ಟ ಕನ್ನಡಕ ಅವಳ ಕೈಚೀಲದಲ್ಲಿ ಭದ್ರವಾಗಿತ್ತು. ಹಾಕಿಕೊಂಡರೆ ಮುದುಕಿಯಂತೆ ಕಾಣುತ್ತಾಳಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೋಟು ಸವರುತ್ತ, ‘ನಿನ್ನ ಆಯ್ಕೆ ಅಂದ್ರೆ ಆಯ್ಕೆ ಬಿಡು. ಆ ಗುಬ್ಬಿಗೆ, ಪಾಪ, ತನಗೇನು ಒಪ್ಪುತ್ತೆ ಅಂತಾನೇ ಗೊತ್ತಾಗಲ್ಲ. ನೀನು ಕಳಿಸದೇ ಇದ್ದಿದ್ರೆ ಗೋಣಿಚೀಲ ಸುತ್ಕೊಂಡು ಓಡಾಡ್ತಿತ್ತು’ ಎಂದಳು. ಅಕ್ಕಾ, ನಾನು ಏನು ಹೇಳಿದೆ ಗೊತ್ತೇ? ‘ಹೂಂ ಅತ್ತೆ’ ಎಂದೆ. ನಿನ್ನ ಕೋಟಿನೊಳಗೆ ನಿಂತು, ನಿನ್ನ ಪರವಾಗಿ, ನನ್ನನ್ನೇ ಪಾಪ ಎಂದು ಒಪ್ಪಿಕೊಂಡೆ. ಬಸ್ಸು ಬಂತು. ಅವಳು ನಿನ್ನ ಹೆಸರಿನಲ್ಲಿ ನನ್ನ ಕೆನ್ನೆ ಹಿಂಡಿ ಹೋದಳು.

ಆ ಭಾನುವಾರವೇ ಕತ್ತರಿ ಹಿಡಿದು ಕೂತೆ. ಮೊದಲು ಚಿನ್ನದ ಗುಂಡಿಗಳು. ಆಮೇಲೆ ಹೆಗಲಿನ ಮೆತ್ತೆ. ಎರಡು ಸಣ್ಣ ದಿಂಬುಗಳು, ಇವರು ಒಂದನ್ನು ಕುರ್ಚಿಯಲ್ಲಿ ಬೆನ್ನಿಗೆ ಇಟ್ಟುಕೊಂಡು ಸುಖವಾಗಿದ್ದಾರೆ. ಒಳಪದರ ಬಿಚ್ಚಿದರೆ ಏನು ನೋಡಲಿ, ಆ ಉಣ್ಣೆಬಟ್ಟೆಗೆ ಎರಡು ಮುಖ! ಹೊರಗೆ ನೇರಳೆ, ಒಳಮಗ್ಗುಲು ಕಡುನೀಲಿ. ನಾನು ಇಷ್ಟು ದಿನ ನನ್ನ ಬಣ್ಣವನ್ನು ಒಳಗೆ ಹಾಕಿಕೊಂಡು ನಿನ್ನ ಬಣ್ಣವನ್ನು ಹೊರಗೆ ಹೊತ್ತು ತಿರುಗುತ್ತಿದ್ದೆ. ಕೋಟನ್ನು ಪೂರ್ತಿ ಬಿಚ್ಚಿ, ಮಗುಚಿ ಹೊಲಿಯುವುದೆಂದು ತೀರ್ಮಾನಿಸಿದೆ. ಅದಕ್ಕೆ ಭಾನುವಾರದ ಮೇಲೆ ಭಾನುವಾರ ಹಿಡಿಯಿತು. ಇವರ ಹಳೆಯ ಕೆಲಸದ ಕೋಟಿನ ಕಪ್ಪು ಗುಂಡಿಗಳನ್ನು ಹಾಕಿದೆ. ಮಗುಚಿದ ಕೋಟಲ್ಲವೇ, ಗುಂಡಿ ಈಗ ಇನ್ನೊಂದು ಕಡೆಗೆ ಬೀಳುತ್ತದೆ. ಬೆರಳಿಗೆ ಇನ್ನೂ ಅಭ್ಯಾಸವಾಗಿಲ್ಲ, ಆದರೆ ಬೆರಳಿನದೇನು, ಕಲಿಯುತ್ತದೆ. ಖರ್ಚು ಒಂದು ಉಂಡೆ ದಾರ.

ನನ್ನ ಸಿಟ್ಟಿಗೆ ಇದು ಕಾರಣವಲ್ಲ. ಇಷ್ಟರಲ್ಲೇ ಮುಗಿದಿದ್ದರೆ ನಗುತ್ತ ಬರೆಯುತ್ತಿದ್ದೆ. ಬಿಚ್ಚುವಾಗ ಕೈಗೆ ಜೇಬು ಸಿಕ್ಕಿತು. ಅದು ಬರೀ ತೋರಿಕೆಯ ಜೇಬು, ಒಳಗೆ ಚೀಲವಿಲ್ಲ ಎಂದೇ ನಾನು ತಿಳಿದಿದ್ದೆ. ಚೀಲವಿತ್ತು. ಬಾಯಿಗೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿತ್ತು, ಅಂಗಡಿಗೆ ಬರುವಾಗ ಹೊಸ ಕೋಟಿಗೆ ಹಾಕಿರುತ್ತಾರಲ್ಲ, ಹಾಗೆ. ಎರಡೂ ಜೇಬಿಗೆ. ‘ಎರಡು ಚಳಿಗಾಲ ಹಾಕಿದ ಕೋಟು’ ಎಂದು ಬರೆದಿದ್ದೆ ನೀನು! ಹಳೆ ಟಿಕೆಟು, ಕರವಸ್ತ್ರ, ಅರ್ಧ ತಿಂದ ಬಿಸ್ಕತ್ತು, ಯಾರದೋ ಮನೆಯ ಬೀಗದ ಕೈ, ಎಲ್ಲವನ್ನೂ ಜೇಬಿಗೆ ತುರುಕುವವಳು ನೀನು. ‘ನವಿಲಿನ ಜೇಬಲ್ಲಿ ಒಂದು ಸಂಸಾರ ಹೂಡಬಹುದು’ ಎನ್ನುತ್ತಿದ್ದರು ಅಪ್ಪ. ಅಂಥವಳು ಎರಡು ಚಳಿಗಾಲ ಜೇಬಿಗೆ ಕೈ ಹಾಕದೆ ಕಳೆದಳೇ? ತಕ್ಷಣ ಎದ್ದು ಕಪಾಟು ತೆಗೆದೆ. ಗಿಳಿಹಸಿರು ಅಂಗಿಯ ಕತ್ತಿನಲ್ಲಿ ಅಂಗಡಿಯ ಬೆಲೆಚೀಟಿ ಕಿತ್ತ ಸೂಜಿಯ ತೂತು. ಹೂವಿನ ಗೌನಿನ ಜೇಬಿಗೂ ಅದೇ ಬಿಳಿ ದಾರ. ಅಷ್ಟೇ ಏಕೆ, ನನಗಿಂತ ಅಷ್ಟೆತ್ತರ ಇರುವವಳ ಹಳೆ ಕೋಟಿನ ತೋಳು ನನ್ನ ಮಣಿಕಟ್ಟಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತಲ್ಲ, ನನಗೆ ಮೊದಲೇ ಹೊಳೆಯಬೇಕಿತ್ತು. ಎಲ್ಲವೂ ಹೊಸದು. ಎಲ್ಲವನ್ನೂ ನನ್ನ ಅಳತೆಗೆ ಕೊಂಡು, ಒಮ್ಮೆ ಒಗೆದು, ಹಳೆಯದೆಂದು ಸುಳ್ಳು ಹೇಳಿ ಕಳಿಸಿದ್ದೀಯ.

ಹೊಸದೆಂದರೆ ನಾನು ವಾಪಸು ಕಳಿಸುತ್ತೇನೆ ಎಂದು ನಿನಗೆ ಗೊತ್ತು. ನಿಜ, ಕಳಿಸುತ್ತಿದ್ದೆ. ನನ್ನ ಜಂಬ ಗೊತ್ತು, ನನ್ನ ತೋಳಿನ ಉದ್ದ ಗೊತ್ತು, ಇವರ ಕೆಲಸ ಕಡಿಮೆಯಾಗಿದ್ದು ನಾನು ಹೇಳುವ ಮೊದಲೇ ಗೊತ್ತು. ಬಣ್ಣ ಮಾತ್ರ ಗೊತ್ತಿಲ್ಲ! ಒಂದು ಸಾಲು ಬರೆದು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿನ್ನ ಹಳೆಯದನ್ನು ತೊಡುತ್ತಿದ್ದೇನೆ ಎಂದುಕೊಂಡಷ್ಟು ಕಾಲ ಸಹಿಸಿಕೊಂಡೆ. ನೀನು ನನಗಾಗಿಯೇ, ಅಂಗಡಿಯಲ್ಲಿ ನಿಂತು, ಕಡುನೀಲಿಯನ್ನು ಬಿಟ್ಟು ಕಿತ್ತಳೆ ಹೂವನ್ನು ಆರಿಸಿದೆ ಎಂದು ತಿಳಿದ ಮೇಲೆ ಸಹಿಸುವುದು ಹೇಗೆ?

ಹೋದ ವಾರ ಮಗುಚಿದ ಕೋಟು ಹಾಕಿಕೊಂಡು ಅದೇ ಬಸ್ ನಿಲ್ದಾಣದಲ್ಲಿದ್ದೆ. ರಸ್ತೆಯ ಆಚೆ ಬದಿಯಿಂದ, ಕನ್ನಡಕವಿಲ್ಲದೆ, ಅತ್ತೆ ‘ಗುಬ್ಬೀ!’ ಎಂದು ಕೂಗಿದಳು. ಕೇಳಿ ಎದೆ ತುಂಬಿತು, ಸುಳ್ಳು ಯಾಕೆ ಹೇಳಲಿ. ಹತ್ತಿರ ಬಂದು ತೋಳು ಸವರಿ, ಹಿಂದೆ ಸರಿದು ನೋಡಿ, ‘ಎಷ್ಟು ಚೆನ್ನಾಗಿ ಕೂತಿದೆ ಕಣೇ! ನವಿಲು ಕಳಿಸಿದ್ದಾ? ಅದಕ್ಕೇ ಮತ್ತೆ’ ಎಂದಳು. ಈ ಸಲ ನಾನು ಹೂಂ ಎನ್ನಲಿಲ್ಲ. ‘ನಾನೇ ಹೊಲಿದಿದ್ದು ಅತ್ತೆ’ ಎಂದೆ. ‘ಇರಬಹುದು, ಅವಳೇ ಹೇಳಿಕೊಟ್ಟಿರ್ತಾಳೆ’ ಎಂದು ಬಸ್ಸು ಹತ್ತಿದಳು. ಇವಳಿಗೆ ಎಂಬತ್ತು ತುಂಬುವುದನ್ನು ನಾವು ಕೊಂಡಾಡಬೇಕು!

ಆದ್ದರಿಂದ ಫೋಟೋದಲ್ಲಿ ನಾನು ಕಡುನೀಲಿ ಕೋಟಿನಲ್ಲಿರುತ್ತೇನೆ. ಮೂಲೆಯಲ್ಲಲ್ಲ, ಅತ್ತೆಯ ಪಕ್ಕದಲ್ಲಿ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಮುಂದಿನ ಪೆಟ್ಟಿಗೆ ಕಳಿಸಿದರೆ ಅಂಚೆಯವರ ಕೈಯಲ್ಲೇ ತಿರುಗಿಸುತ್ತೇನೆ. ಇವರು ನಿನಗೆ ನಮಸ್ಕಾರ ಹೇಳಿದ್ದಾರೆ, ಬೆನ್ನಿನ ದಿಂಬಿಗೆ ಕೃತಜ್ಞತೆಯನ್ನೂ. ಮಂಡಿಗೆ ಎಣ್ಣೆ ಹಚ್ಚಿಕೋ. ಸ್ಟೂಲು ಕೇಳು.

ಸಿಟ್ಟಿನಲ್ಲೇ, ಆದರೂ ನಿನ್ನ
ಗುಬ್ಬಿ

ಮರೆತಿದ್ದೆ: ನಿನ್ನ ಮೇಲೆ ಸಾಕ್ಷಿ ಹುಡುಕಲು ನಿನ್ನ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದೆ. ಒಂದರಲ್ಲೂ ನೇರಳೆಯಿಲ್ಲ, ಹೂವಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ, ಸ್ನೇಹಿತೆಯ ಮಗಳ ಮದುವೆಯಲ್ಲಿ, ಸಮುದ್ರದ ದಂಡೆಯಲ್ಲಿ, ಎಲ್ಲೆಲ್ಲೂ ಅದೇ ಬೂದು ಸ್ವೆಟರು, ಮೊಣಕೈಗೆ ತೇಪೆ. ದಪ್ಪಗೂ ಆಗಿಲ್ಲ ನೀನು, ಕಡ್ಡಿಯಾಗಿದ್ದೀಯ. ಅಂಗಡಿಯಲ್ಲಿ ನಿನಗೆ ಬೇಕೆನಿಸಿದ್ದನ್ನೆಲ್ಲ ನನ್ನ ಅಳತೆಗೆ ಕೊಳ್ಳುತ್ತಿದ್ದೆಯಾ? ಇದರ ಜೊತೆಯ ಪೊಟ್ಟಣದಲ್ಲಿ ಕಿತ್ತಳೆ ಹೂವಿನ ಗೌನು ಇದೆ. ಅಂಚಿನ ಮಡಿಕೆಯಲ್ಲಿ ಬೇಕಾದಷ್ಟು ಬಟ್ಟೆಯಿತ್ತು. ಬಿಚ್ಚಿ ನಿನ್ನ ಎತ್ತರಕ್ಕೆ ಇಳಿಸಿದ್ದೇನೆ. ಮುಂದೆ ಚಿನ್ನದ ಗುಂಡಿಗಳೆಲ್ಲ ಸಾಲಾಗಿ ಇವೆ. ರೈಲಿಳಿಯುವಾಗ ಅದು ನಿನ್ನ ಮೈಮೇಲಿರಬೇಕು. ಜೇಬಿನ ಹೊಲಿಗೆಯನ್ನೂ ಬಿಚ್ಚಿದ್ದೇನೆ, ತುಂಬಿಕೊಂಡು ಬಾ.